ನಿರೋಗಿಯ ರಕ್ತ, ಕಾಡಿನ ಜ್ವರ: ಉತ್ತರ ಕನ್ನಡ ಕರಾವಳಿಯ ಹಿನ್ನೆಲೆಯಲ್ಲಿ ರಕ್ತಮಾದರಿಯ ಚರಿತ್ರೆ

ಮಂಗನ ಕಾಯಿಲೆಯ ಚರಿತ್ರೆಯನ್ನು ಸತ್ತ ಮಂಗಗಳಿಂದ ಆರಂಭಿಸುವುದು ರೂಢಿ. 1957ರ ಮಾರ್ಚ್ ತಿಂಗಳಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವ ಹಾಗೂ ಕೆಂಪುಮೂತಿಯ ಮಂಗಗಳು ಸಾಯುತ್ತಿರುವ ಸುದ್ದಿ ಹೊರಬಿದ್ದುದು, ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಜನ ತೀವ್ರ ಜ್ವರದಿಂದ ನರಳುತ್ತಿದ್ದುದು, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಬಂದು ಹೊಸದೊಂದು ವೈರಾಣುವನ್ನು ಬೇರ್ಪಡಿಸಿದುದು, ಈ ಮೂರು ಘಟನೆಗಳ ಸುತ್ತ ಕಥನ ಬೆಳೆಯುತ್ತದೆ. ಕಥನ ತಪ್ಪಲ್ಲ, ಆದರೆ ಅಪೂರ್ಣ. ರೋಗದ ಗುರುತು ಸಿಕ್ಕಿದ್ದು ಸತ್ತ ಮಂಗ ಮತ್ತು ಜ್ವರಪೀಡಿತ ಮನುಷ್ಯರಿಂದಾದರೂ, ಆ ರೋಗ ಎಲ್ಲಿ ಅಡಗಿರುತ್ತದೆ, ಯಾರನ್ನು ಮುಟ್ಟಿ ಬಿಟ್ಟು ಹೋಗುತ್ತದೆ, ಯಾರನ್ನು ಲಸಿಕೆ ಕಾಪಾಡುತ್ತದೆ ಎಂಬ ತಿಳಿವಳಿಕೆ ದೊರೆತದ್ದು ಬಹುಮಟ್ಟಿಗೆ ಆರೋಗ್ಯವಂತರ ರಕ್ತದಿಂದ. ಜ್ವರವೇ ಬಾರದ ಬೇಸಾಯಗಾರ, ಮೇದು ಬಂದ ಹಸು, ಬಲೆಗೆ ಸಿಕ್ಕಿದ ಹಕ್ಕಿ, ಬೋನಿಗೆ ಬಿದ್ದ ಇಲಿ ಇವೆಲ್ಲವೂ ಈ ಸಂಶೋಧನೆಗೆ ರಕ್ತ ಕೊಟ್ಟಿವೆ. ಆ ರಕ್ತ ಹೇಗೆ ಸಂಗ್ರಹವಾಯಿತು, ಎಲ್ಲಿಗೆ ಹೋಯಿತು, ಏನನ್ನು ಹೇಳಿತು, ಕೊಟ್ಟವರಿಗೆ ಏನನ್ನು ಮರಳಿಸಿತು ಎಂಬುದನ್ನು ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಇಲ್ಲಿಯ ಉದ್ದೇಶ.

ಈ ಮೂರು ತಾಲ್ಲೂಕುಗಳು ಹೆಸರಿಗೆ ಕರಾವಳಿ. ಬದುಕಿನಲ್ಲಿ ಅರ್ಧ ಮಲೆನಾಡು. ಕಡಲತಡಿಯಿಂದ ಕೆಲವೇ ಮೈಲಿ ಪೂರ್ವಕ್ಕೆ ನಡೆದರೆ ಘಟ್ಟದ ಬುಡ. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ, ಸಿದ್ದಾಪುರಕ್ಕೆ ದೊಡ್ಮನೆ ಘಟ್ಟ, ಹೊನ್ನಾವರದಿಂದ ಜೋಗದ ಕಡೆಗೆ ಗೇರುಸೊಪ್ಪೆಯ ಘಟ್ಟ. ಅಡಿಕೆ ತೋಟ, ತೋಟಕ್ಕೆ ಸೊಪ್ಪಿನ ಬೆಟ್ಟ, ಕೊಟ್ಟಿಗೆಗೆ ದರಕು, ಒಲೆಗೆ ಕಟ್ಟಿಗೆ: ಹವ್ಯಕರಿರಲಿ, ಹಾಲಕ್ಕಿ ಒಕ್ಕಲಿಗರಿರಲಿ, ಕಾಡಿಗೆ ಕಾಲಿಡದೆ ವರ್ಷ ಕಳೆಯುವಂತಿರಲಿಲ್ಲ. ದರಕು ಗುಡಿಸುವ ಕಾಲ ಮಳೆ ನಿಂತ ಮೇಲಿನ ಒಣ ತಿಂಗಳುಗಳು. ಮಂಗನ ಕಾಯಿಲೆಯ ವೈರಾಣುವನ್ನು ಹೊರುವ ಹಿಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣ್ಣೆ (ಮಲೆನಾಡಿನವರ ಮಾತಿನಲ್ಲಿ ಉಣುಗು) ತನ್ನ ಎಳೆಯ ಹಂತಗಳಲ್ಲಿ ಎಲೆಯ ರಾಶಿಯಲ್ಲಿ ಹೆಚ್ಚಾಗಿರುವುದೂ ಅದೇ ತಿಂಗಳುಗಳಲ್ಲಿ. ಮನುಷ್ಯನ ಕೆಲಸದ ಪಂಚಾಂಗಕ್ಕೂ ಉಣುಗಿನ ಪಂಚಾಂಗಕ್ಕೂ ಇರುವ ಈ ಹೊಂದಾಣಿಕೆಯೇ ರೋಗದ ಹಂಗಾಮನ್ನು ನವೆಂಬರ್‌ನಿಂದ ಮೇ ವರೆಗೆ ನಿಗದಿಪಡಿಸಿತು.

ಕುಮಟಾಕ್ಕೆ ಇನ್ನೊಂದು ಚರಿತ್ರೆಯೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಈ ಬಂದರಿನಿಂದ ಮುಂಬಯಿಗೆ ಹಡಗೇರುತ್ತಿತ್ತು. ಮಾರುಕಟ್ಟೆಯಲ್ಲಿ ಆ ಹತ್ತಿಗೆ ಕುಮಟಾದ ಹೆಸರೇ ಅಂಟಿಕೊಂಡಿತು. ಬೆಳೆದ ಊರಿನ ಹೆಸರು ಮರೆಯಾಗಿ ಸಾಗಿಸಿದ ಊರಿನ ಹೆಸರು ಉಳಿದ ಪ್ರಸಂಗವದು. ರಕ್ತಮಾದರಿಯ ವಿಷಯದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಮಾದರಿಗಳು ಕರಾವಳಿಯಿಂದ ಹೊರಟು ಘಟ್ಟ ಹತ್ತಿ ದೂರದ ಪ್ರಯೋಗಾಲಯಗಳಿಗೆ ಹೋದವು. ಹೊರಟ ಊರಿನ ಹೆಸರಾಗಲಿ, ಕೊಟ್ಟವರ ಹೆಸರಾಗಲಿ ಉಳಿಯಲಿಲ್ಲ.

ಚರಿತ್ರೆಯ ಮೊದಲ ಅಧ್ಯಾಯ 1957ಕ್ಕಿಂತ ಹಿಂದಿನದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದವು. ಕೇಂದ್ರದ ಆರಂಭದ ಕಾರ್ಯಗಳಲ್ಲೊಂದು ದೇಶದ ಬೇರೆ ಬೇರೆ ಭಾಗಗಳ ಜನರಿಂದ ರಕ್ತ ಸಂಗ್ರಹಿಸಿ, ಯಾವ ಯಾವ ವೈರಾಣುಗಳ ವಿರುದ್ಧ ಅವರ ಸೀರಮ್‌ನಲ್ಲಿ ಪ್ರತಿಕಾಯಗಳಿವೆ ಎಂದು ನೋಡುವುದಾಗಿತ್ತು. ಸ್ಮಿತ್‌ಬರ್ನ್, ಕೆರ್ ಮತ್ತು ಗಟ್ನೆ ಅವರು 1954ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. ಭಾರತದಲ್ಲಿ ಯಾರೂ ಕಾಣದಿದ್ದ ಕೆಲವು ರೋಗಗಳ ನೆರಳು ಆರೋಗ್ಯವಂತರ ರಕ್ತದಲ್ಲಿ ಕಂಡಿತು. ರಷ್ಯಾದ ವಸಂತ-ಬೇಸಗೆಯ ಮಿದುಳುಜ್ವರದ ಗುಂಪಿಗೆ ಸೇರಿದ ವೈರಾಣುವಿನ ಪ್ರತಿಕಾಯದ ಸುಳಿವು ಸೌರಾಷ್ಟ್ರದ ಕಡೆಯಿಂದ ಬಂದಿತ್ತು. ಆಗ ಅದೊಂದು ವಿಚಿತ್ರ ಸಂಗತಿ ಮಾತ್ರ. ಮೂರು ವರ್ಷದ ನಂತರ ಕ್ಯಾಸನೂರಿನ ವೈರಾಣು ಅದೇ ಗುಂಪಿನದೆಂದು ತಿಳಿದಾಗ ಆ ಹಳೆಯ ಸೀರಮ್ ಸೀಸೆಗಳಿಗೆ ಅರ್ಥ ಬಂತು.

ಕ್ಯಾಸನೂರಿನ ಸುದ್ದಿ ಪುಣೆಯಲ್ಲಿ ಮೊದಲು ಹುಟ್ಟಿಸಿದ್ದು ಹಳದಿ ಜ್ವರದ ಭಯ. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವುದು ದಕ್ಷಿಣ ಅಮೆರಿಕದಲ್ಲಿ ಆ ರೋಗದ ಲಕ್ಷಣ. ಏಷ್ಯದಲ್ಲಿ ಅದು ಇರಲಿಲ್ಲ. ಬಂದಿದ್ದರೆ ಅನಾಹುತ. ಕೇಂದ್ರದ ನಿರ್ದೇಶಕ ಟೆಲ್‌ಫೋರ್ಡ್ ವರ್ಕ್, ಸಹೋದ್ಯೋಗಿ ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಮಲೆನಾಡಿಗೆ ಧಾವಿಸಿದ್ದಕ್ಕೆ ಈ ಆತಂಕ ಮುಖ್ಯ ಕಾರಣ. ಹಳ್ಳಿಗರ ಜ್ವರವನ್ನು ಅಲ್ಲಿಯ ತನಕ ವಿಷಮಶೀತ ಜ್ವರವೆಂದು ಭಾವಿಸಲಾಗಿತ್ತು. 1957ರಲ್ಲಿ 466, 1958ರಲ್ಲಿ 181 ಮಂದಿ ರೋಗಿಗಳು ದಾಖಲಾದರು. ಉತ್ತರ ಕನ್ನಡ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿ ಆಗ್ಗೆ ಐದು ತಿಂಗಳೂ ತುಂಬಿರಲಿಲ್ಲ ಎಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು. ಹೊಸ ರಾಜ್ಯದ ಹೊಸ ರೋಗಕ್ಕೆ ಹೆಸರು ಕೊಟ್ಟದ್ದು ಘಟ್ಟದ ಮೇಲಿನ ಕಾಡು. ಘಟ್ಟದ ಕೆಳಗಿನ ಸರದಿ ಇನ್ನೂ ಬಂದಿರಲಿಲ್ಲ.

ರಕ್ತಸಂಗ್ರಹದ ವಿಧಾನವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಏಕೆಂದರೆ ಮುಂದಿನ ಎಲ್ಲ ತೊಡಕುಗಳೂ ಅದರಲ್ಲೇ ಇವೆ. ಜ್ವರದ ಆರಂಭದ ದಿನಗಳಲ್ಲಿ ರೋಗಿಯ ರಕ್ತದಲ್ಲಿ ವೈರಾಣು ಹೇರಳ. ಆಗ ತೆಗೆದ ರಕ್ತವನ್ನು ತಂಪು ಕೆಡದಂತೆ ಪ್ರಯೋಗಾಲಯಕ್ಕೆ ಮುಟ್ಟಿಸಿ, ಹುಟ್ಟಿ ಕೆಲವೇ ದಿನಗಳಾದ ಬಿಳಿ ಇಲಿಮರಿಗಳ ಮಿದುಳಿಗೆ ಚುಚ್ಚಬೇಕು. ಮರಿಗಳು ಕಾಯಿಲೆ ಬಿದ್ದರೆ ವೈರಾಣು ಸಿಕ್ಕಿದಂತೆ. ದಾರಿಯಲ್ಲಿ ಮಂಜುಗಡ್ಡೆ ಕರಗಿದರೆ ವೈರಾಣು ನಾಶವಾಗಿ ಪರೀಕ್ಷೆ ಸುಳ್ಳು ಹೇಳುತ್ತದೆ, ರೋಗವಿದ್ದೂ ಇಲ್ಲವೆನ್ನುತ್ತದೆ. ವಾರ ಕಳೆದ ಮೇಲೆ ವೈರಾಣು ಕ್ಷೀಣಿಸಿ ಅದರ ಜಾಗದಲ್ಲಿ ಪ್ರತಿಕಾಯಗಳು ಏಳುತ್ತವೆ. ಪ್ರತಿಕಾಯದ ಪರೀಕ್ಷೆಗೆ ರಕ್ತ ಹೆಪ್ಪುಗಟ್ಟಬೇಕು. ಹೆಪ್ಪಿನಿಂದ ಬೇರೆಯಾದ ಹಳದಿ ಸೀರಮ್ ಸಾಕು. ಅದು ವೈರಾಣುವಿಗಿಂತ ಗಟ್ಟಿ ಜೀವ, ವರ್ಷಗಟ್ಟಲೆ ಶೈತ್ಯದಲ್ಲಿ ಉಳಿಯುತ್ತದೆ. ಹೀಗಾಗಿ ರೋಗಿಯ ರಕ್ತಕ್ಕೆ ಅವಸರ, ನಿರೋಗಿಯ ಸೀರಮ್‌ಗೆ ವ್ಯವಧಾನ. ಈ ಅವಸರದಲ್ಲಿ ಅಪಾಯವೂ ಇತ್ತು. ಮಾದರಿಗಳನ್ನೂ ವೈರಾಣುವನ್ನೂ ನಿರ್ವಹಿಸಿದ ಪ್ರಯೋಗಾಲಯದ ಸಿಬ್ಬಂದಿಗೇ ಸೋಂಕು ತಗುಲಿದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಅಂದು ಇಂದಿನಂಥ ಸುರಕ್ಷಾ ಕೊಠಡಿಗಳಿರಲಿಲ್ಲ; ಪುಣೆಯಲ್ಲಿ ಅತ್ಯುನ್ನತ ಸುರಕ್ಷತೆಯ ಪ್ರಯೋಗಾಲಯ ಸಿದ್ಧವಾದದ್ದು 2012ರ ಹೊತ್ತಿಗೆ.

1957ರಲ್ಲಿ ಒಬ್ಬ ರೋಗಿಯಿಂದ ದೊರೆತ ವೈರಾಣುವಿಗೆ ಪಿ 9605 ಎಂಬ ಸಂಖ್ಯೆ ಬಿತ್ತು. ಮುಂದಿನ ದಶಕಗಳಲ್ಲಿ ಪ್ರಪಂಚದ ಅನೇಕ ಪ್ರಯೋಗಾಲಯಗಳು ಮಂಗನ ಕಾಯಿಲೆಯ ವೈರಾಣು ಎಂದಾಗ ಅಳತೆಗೋಲಾಗಿ ಇಟ್ಟುಕೊಂಡದ್ದು ಇದನ್ನೇ. ಅದು ಯಾರ ರಕ್ತ ಎಂಬುದನ್ನು ಯಾವ ಪ್ರಬಂಧವೂ ಓದುಗರಿಗೆ ಹೇಳುವುದಿಲ್ಲ. ರೋಗಿಯ ಹೆಸರನ್ನು ಮುಚ್ಚಿಡುವುದು ವೈದ್ಯಕೀಯ ಮರ್ಯಾದೆಯೇ ಹೌದು. ಆದರೂ ಒಂದು ಮಾತು ಹೇಳಬೇಕು. ರಕ್ತ ಕೊಡುವವನ ಒಪ್ಪಿಗೆಯನ್ನು ಹೇಗೆ ಪಡೆಯಬೇಕೆಂಬ ಬಗ್ಗೆ ಸಂಶೋಧನಾ ಮಂಡಳಿ ತನ್ನ ನೀತಿ ಹೇಳಿಕೆಯನ್ನು ಹೊರಡಿಸಿದ್ದು 1980ರಲ್ಲಿ, ವಿಸ್ತೃತ ಮಾರ್ಗಸೂಚಿ ಬಂದದ್ದು 2000ದಲ್ಲಿ. ಅದಕ್ಕೂ ಮುಂಚೆ ಮಲೆನಾಡಿನ ತೋಳುಗಳಿಂದ ಹೊರಟ ರಕ್ತಕ್ಕೆಲ್ಲ ಊರಿನವರ ನಂಬಿಕೆಯೊಂದೇ ಆಧಾರ.

ವೈರಾಣು ಸಿಕ್ಕಿದ ಮೇಲೆ ಎದ್ದ ಪ್ರಶ್ನೆ: ಅದು ಬಂದದ್ದೆಲ್ಲಿಂದ? ಸೈಬೀರಿಯದ ವೈರಾಣುವಿನ ನೆಂಟ ಮಲೆನಾಡಿಗೆ ಬಂದದ್ದು ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳ ಮೂಲಕವೇ ಇರಬೇಕೆಂಬ ಊಹೆ ಬಲವಾಯಿತು. ಸಲೀಂ ಅಲಿ ಅವರ ನೇತೃತ್ವದಲ್ಲಿ ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ಆರಂಭಿಸಿದ ಪಕ್ಷಿವಲಸೆಯ ಅಧ್ಯಯನಕ್ಕೆ ಈ ಊಹೆ ಒತ್ತಾಸೆಯಾಯಿತು. ಹಕ್ಕಿಗಳನ್ನು ಹಿಡಿದು, ಕಾಲಿಗೆ ಬಳೆ ತೊಡಿಸಿ, ಉಣ್ಣೆ ಮತ್ತು ರಕ್ತವನ್ನು ಪರೀಕ್ಷೆಗೆ ತೆಗೆಯಲಾಯಿತು. ಹಕ್ಕಿಯ ಸಿದ್ಧಾಂತ ನಿಲ್ಲಲಿಲ್ಲ. ವೈರಾಣು ಇಲ್ಲಿಯ ಕಾಡಿನದೇ ಎಂಬ ಅಭಿಪ್ರಾಯ ಕ್ರಮೇಣ ನೆಲೆಗೊಂಡಿತು. ಆದರೆ ಹಕ್ಕಿಯ ರಕ್ತ ಬೇರೊಂದು ವಿವಾದಕ್ಕೆ ದಾರಿಮಾಡಿತು. ಈ ಅಧ್ಯಯನಕ್ಕೆ ಅಮೆರಿಕದ ಸೇನೆಯ ಹಣದ ಸಂಬಂಧವಿದ್ದುದು ಪತ್ರಿಕೆಗಳಲ್ಲಿ ಪ್ರಶ್ನೆಗೊಳಗಾಗಿ, ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ 1974-75ರಲ್ಲಿ ವಿದೇಶಿ ಸಹಯೋಗದ ಸಂಶೋಧನಾ ಯೋಜನೆಗಳನ್ನೇ ತನಿಖೆಗೆತ್ತಿಕೊಂಡಿತು. ಸಮಿತಿಯ ಸಂಶಯಗಳೆಲ್ಲ ಸಾಧಾರವೇ ಎಂಬುದು ಬೇರೆ ಚರ್ಚೆ. ರಕ್ತಮಾದರಿಯೊಂದು ರಾಷ್ಟ್ರದ ಸೊತ್ತು, ಅದು ಗಡಿ ದಾಟುವಾಗ ಕೇಳುವವರಿರಬೇಕು ಎಂಬ ಭಾವನೆ ನಮ್ಮ ಸಾರ್ವಜನಿಕ ಜೀವನದಲ್ಲಿ ಬೇರೂರಲು ಈ ಪ್ರಕರಣವೂ ಒಂದು ಕಾರಣವೆನ್ನಲು ಅಡ್ಡಿಯಿಲ್ಲ.

ಹಕ್ಕಿಗಿಂತ ಹೆಚ್ಚು ಫಲ ಕೊಟ್ಟದ್ದು ನೆಲದ ಪ್ರಾಣಿಗಳು. ಸಾಗರದಲ್ಲಿ ಕ್ಷೇತ್ರಕೇಂದ್ರವನ್ನು ಇಟ್ಟುಕೊಂಡು ಜಾರ್ಜ್ ಬೊಶೆಲ್, ಪಿ.ಕೆ. ರಾಜಗೋಪಾಲನ್, ಎಚ್.ಆರ್. ಭಟ್ ಮೊದಲಾದವರು ವರ್ಷಗಟ್ಟಲೆ ಕಾಡು ಸುತ್ತಿದರು. ಇಲಿ, ಮೂಗಿಲಿ, ಅಳಿಲು, ಬಾವಲಿ, ಮುಳ್ಳುಹಂದಿಗಳ ರಕ್ತ ಪರೀಕ್ಷೆಗೊಳಗಾಯಿತು. ಇವುಗಳಲ್ಲಿ ಕೆಲವು ಸೋಂಕು ತಗುಲಿಯೂ ಸಾಯದೆ ತಿರುಗಾಡುವುದು ತಿಳಿಯಿತು. ಹಸುವಿನ ಪಾತ್ರ ಇನ್ನೂ ಸೂಕ್ಷ್ಮ. ಬಲಿತ ಉಣುಗುಗಳು ದನದ ಮೈಮೇಲೆ ಹೊಟ್ಟೆ ತುಂಬಿಸಿಕೊಂಡು ಸಂತಾನ ಬೆಳೆಸುತ್ತವೆ. ಆದರೆ ದನದ ರಕ್ತದಲ್ಲಿ ವೈರಾಣು ಇನ್ನೊಂದು ಉಣುಗಿಗೆ ಹರಡುವಷ್ಟು ಏರುವುದಿಲ್ಲ. ಹಸು ರೋಗವನ್ನು ಕೊಡುವುದಿಲ್ಲ, ರೋಗ ತರುವ ಉಣುಗನ್ನು ಸಾಕುತ್ತದೆ. ಕಾಡಿನೊಳಗೆ ಬೇಸಾಯ ಮತ್ತು ದನದ ಮೇವು ವಿಸ್ತರಿಸಿದ್ದರಿಂದಲೇ ಉಣುಗಿನ ಸಂಖ್ಯೆ ಹೆಚ್ಚಿತೆಂದು ಬೊಶೆಲ್ 1969ರಲ್ಲಿ ಪ್ರತಿಪಾದಿಸಿದ ವಿಚಾರಕ್ಕೆ ಬೆಂಬಲವಾಗಿ ನಿಂತದ್ದು, ಕಾಯಿಲೆಯ ಒಂದು ಚಿಹ್ನೆಯನ್ನೂ ತೋರದ ಇಂಥ ಪ್ರಾಣಿಗಳ ಅಧ್ಯಯನ.

1972ರವರೆಗೆ ಶಿವಮೊಗ್ಗ ಜಿಲ್ಲೆಯ ಮಿತಿಯಲ್ಲಿದ್ದ ರೋಗ ಆಮೇಲೆ ನೆರೆಯ ಚಿಕ್ಕಮಗಳೂರು, ಉತ್ತರ ಕನ್ನಡ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹೊಸ ನೆಲೆಗಳನ್ನು ಕಂಡಿತು. ಹೊನ್ನಾವರದಲ್ಲಿ ಈ ರೋಗಕ್ಕೆಂದೇ ಆರೋಗ್ಯ ಇಲಾಖೆಯ ಘಟಕವೊಂದು ನೆಲೆಗೊಂಡದ್ದು ಕರಾವಳಿಯ ಪಾಲಿಗೆ ರೋಗ ಅತಿಥಿಯಾಗಿ ಉಳಿಯಲಿಲ್ಲ ಎಂಬುದರ ಸೂಚನೆ. ಆದರೆ ಮಾದರಿಯ ಪ್ರಯಾಣ ಸುಲಭವಾಗಲಿಲ್ಲ. ಕೊಂಕಣ ರೈಲು ಪೂರ್ಣಪ್ರಮಾಣದಲ್ಲಿ ಓಡತೊಡಗಿದ್ದು 1998ರಲ್ಲಿ. ಅದಕ್ಕೂ ಮುಂಚೆ ಕುಮಟಾ, ಭಟ್ಕಳಗಳಿಂದ ಹೊರಟ ಯಾವ ವಸ್ತುವೂ ಬಸ್ಸಿನಲ್ಲೋ ಜೀಪಿನಲ್ಲೋ ಘಟ್ಟ ಹತ್ತಬೇಕು ಅಥವಾ ಹೊಳೆಗಳನ್ನು ದಾಟುತ್ತ ಕರಾವಳಿಯ ಹೆದ್ದಾರಿ ಹಿಡಿಯಬೇಕು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಥರ್ಮಾಸಿನ ಮಂಜುಗಡ್ಡೆಗೆ ಇದು ಸಣ್ಣ ಪರೀಕ್ಷೆಯಲ್ಲ. ಜ್ವರ ಬಂದ ನಾಲ್ಕನೆಯ ದಿನ ಕೂಲಿಕಾರ ಆಸ್ಪತ್ರೆಗೆ ಬಂದು, ಆರನೆಯ ದಿನ ರಕ್ತ ಘಟ್ಟ ಹತ್ತಿದರೆ ಪರೀಕ್ಷೆಯ ಫಲಿತಾಂಶ ಚಿಕಿತ್ಸೆಗಿಂತ ಹೆಚ್ಚಾಗಿ ಅಂಕಿಅಂಶಕ್ಕೆ ಉಪಯೋಗ. ಶಿವಮೊಗ್ಗದಲ್ಲಿ ವೈರಾಣು ಪ್ರಯೋಗಾಲಯ, ಮುಂದೆ ಮಣಿಪಾಲದಲ್ಲಿ ವೈರಾಣು ಸಂಶೋಧನಾ ಕೇಂದ್ರ ತಲೆಯೆತ್ತಿದ ಮೇಲೆ, ಜೊತೆಗೆ 2012ರ ಸುಮಾರಿಗೆ ಪುಣೆಯ ಸಂಸ್ಥೆ ರೂಪಿಸಿದ ಆರ್‌ಟಿ-ಪಿಸಿಆರ್ ಹಾಗೂ ಐಜಿಎಂ ಎಲೈಸಾ ಪರೀಕ್ಷೆಗಳು ಬಂದ ಮೇಲೆ, ದಿನಗಳ ಲೆಕ್ಕ ಗಂಟೆಗಳಿಗೆ ಇಳಿಯಿತು. ಇಲಿಮರಿಯ ಕಾಯಿಲೆಗಾಗಿ ಕಾಯುವ ಕಾಲ ಮುಗಿಯಿತು.

ರಕ್ತದಲ್ಲಿ ಸೀರಮ್ ಮಾತ್ರವಿಲ್ಲ, ಕೋಶಗಳಿವೆ. ಮಂಗನ ಕಾಯಿಲೆಯಲ್ಲಿ ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಕುಸಿಯುತ್ತವೆ ಎಂಬುದನ್ನು ಆರಂಭದ ವೈದ್ಯರೇ ಗುರುತಿಸಿದ್ದರು. ಯಾವ ಬಿಳಿಕಣ, ಅದು ಏನು ಮಾಡುತ್ತಿದೆ ಎಂದು ತಿಳಿಯಲು ಹೊಸ ಉಪಕರಣ ಬೇಕಾಯಿತು. ಫ್ಲೋ ಸೈಟೊಮೀಟರ್ ಎಂಬ ಯಂತ್ರ, ಬಣ್ಣ ಹಚ್ಚಿದ ಪ್ರತಿಕಾಯಗಳನ್ನು ಅಂಟಿಸಿದ ಕೋಶಗಳನ್ನು ಒಂದೊಂದಾಗಿ ಲೇಸರ್ ಕಿರಣದ ಮುಂದೆ ಹಾಯಿಸಿ ಅವುಗಳ ಜಾತಿ ಹಾಗೂ ಸ್ಥಿತಿಯನ್ನು ಎಣಿಸುತ್ತದೆ. ಮಣಿಪಾಲದ ಸಂಶೋಧಕರು ವಿದೇಶಿ ಸಹೋದ್ಯೋಗಿಯೊಂದಿಗೆ ಮಂಗನ ಕಾಯಿಲೆಯ ರೋಗಿಗಳ ರಕ್ತವನ್ನು ಹೀಗೆ ಓದಿ 2020ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದಲ್ಲಿ ಮಹತ್ವದ್ದು. ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಸಿಡಿ8 ಬಗೆಯ ಟಿ ಕೋಶಗಳು ಪ್ರಬಲವಾಗಿ ಎಚ್ಚೆತ್ತುಕೊಳ್ಳುತ್ತವೆ, ಸಿಡಿ4 ಬಗೆಯವುಗಳ ಪ್ರತಿಕ್ರಿಯೆ ಅಷ್ಟಿಲ್ಲ ಎಂದು ಅದು ತೋರಿಸಿತು. ಪ್ರತಿಕಾಯ ಏರಿತೇ ಎಂದಷ್ಟೇ ಕೇಳಿ ಲಸಿಕೆಯನ್ನು ಅಳೆಯುತ್ತಿದ್ದ ಪದ್ಧತಿಗೆ ಇದು ಹೊಸ ಪ್ರಶ್ನೆಯನ್ನು ಒಡ್ಡಿತು.

ಕೋಶಗಳ ಪರೀಕ್ಷೆಯ ನಿಯಮ ಸೀರಮ್ಮಿನದಕ್ಕೆ ವಿರುದ್ಧ. ರಕ್ತ ಹೆಪ್ಪುಗಟ್ಟಬಾರದು; ಹೆಪಾರಿನ್ ಅಥವಾ ಇಡಿಟಿಎ ಬೆರೆತ ನಳಿಕೆಯಲ್ಲಿ ತೆಗೆಯಬೇಕು. ವೈರಾಣುವಿಗೆ ಹಿತವಾದ ಮಂಜುಗಡ್ಡೆ ಜೀವಂತ ಬಿಳಿಕಣಗಳಿಗೆ ಸಾಮಾನ್ಯವಾಗಿ ಹಿತವಲ್ಲ. ಒಂದು ದಿನ ತಡವಾದರೂ ಕಣಗಳ ಪ್ರಮಾಣ ಬದಲಾಗಿ, ದಾರಿಯಲ್ಲಿ ಸತ್ತ ಕೋಶ ರೋಗದಿಂದ ಸತ್ತಂತೆ ಕಾಣಬಹುದು. ರೋಗದ ಗುರುತು ಯಾವುದು, ಪ್ರಯಾಣದ ಗುರುತು ಯಾವುದು ಎಂದು ಬೇರ್ಪಡಿಸಲು ಇರುವ ದಾರಿ ಒಂದೇ: ಆರೋಗ್ಯವಂತರ ರಕ್ತವನ್ನೂ ಅದೇ ನಳಿಕೆಯಲ್ಲಿ, ಅಷ್ಟೇ ಹೊತ್ತು ಇಟ್ಟು, ಅದೇ ಯಂತ್ರದಲ್ಲಿ ಓದುವುದು.

ಮನುಷ್ಯರಿಗಿಂತ ಪ್ರಾಣಿಗಳ ವಿಷಯದಲ್ಲಿ ಈ ಅಗತ್ಯ ಇನ್ನೂ ತೀವ್ರ. ನಾಯಿಯನ್ನೇ ತೆಗೆದುಕೊಳ್ಳಬಹುದು. ಮಂಗನ ಕಾಯಿಲೆಯ ಚಕ್ರದಲ್ಲಿ ಅದಕ್ಕೆ ಮುಖ್ಯ ಪಾತ್ರವಿಲ್ಲವಾದರೂ ಘಟ್ಟದ ಬುಡದ ಮನೆಗಳಲ್ಲಿ ಅಂಗಳಕ್ಕೂ ಕಾಡಿಗೂ ನಡುವೆ ದಿನವೂ ಓಡಾಡುವ, ಮೈಮೇಲೆ ಉಣ್ಣೆ ಹೊತ್ತು ತರುವ ಜೀವ ಅದು. ಮನುಷ್ಯನಲ್ಲಿ ಸಿಡಿ4 ಗುರುತು ಮುಖ್ಯವಾಗಿ ಟಿ ಕೋಶದ ಲಕ್ಷಣ. ನಾಯಿಯಲ್ಲಿ ನ್ಯೂಟ್ರೋಫಿಲ್ ಎಂಬ ಸಾಮಾನ್ಯ ಬಿಳಿಕಣಗಳೂ ಅದನ್ನು ಧರಿಸಿರುತ್ತವೆ. ಮನುಷ್ಯನ ಅಳತೆಗೋಲನ್ನು ಹಾಗೆಯೇ ನಾಯಿಗೆ ಹಿಡಿದರೆ ಲೆಕ್ಕ ಬುಡದಲ್ಲೇ ತಪ್ಪುತ್ತದೆ. ತಳಿಯಿಂದ ತಳಿಗೂ ವ್ಯತ್ಯಾಸವುಂಟು. ಗ್ರೇಹೌಂಡ್ ಮುಂತಾದ ಬೇಟೆನಾಯಿಗಳಲ್ಲಿ ಕೆಂಪು ಕಣಗಳ ಅಂಶ ಹೆಚ್ಚು, ಬಿಳಿ ಕಣ ಹಾಗೂ ಪ್ಲೇಟ್‌ಲೆಟ್‌ಗಳು ಕಡಿಮೆ. ಆರೋಗ್ಯವಾಗಿರುವ ಗ್ರೇಹೌಂಡನ್ನು ಇತರ ನಾಯಿಗಳ ಪಟ್ಟಿಗೆ ಹೋಲಿಸಿದ ವೈದ್ಯ ಅದನ್ನು ರೋಗಿಯೆನ್ನಬಹುದು. ಅದೇ ಬಗೆಯ ಓಟದ ಮೈಕಟ್ಟಿನ ನಮ್ಮ ಮುಧೋಳ ನಾಯಿಗೂ ಅದರದೇ ಆದ ಅಳತೆ ಬೇಕೆಂಬುದಕ್ಕೆ ಬೇರೆ ವಾದ ಬೇಕಿಲ್ಲ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವನ್ನು ನಡೆಸುತ್ತಿರುವುದು ಈ ದೃಷ್ಟಿಯಿಂದಲೂ ಪ್ರಯೋಜನಕರ. ಇನ್ನು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯದಲ್ಲಿ ಲಸಿಕೆ ಪಡೆದ ಆರೋಗ್ಯವಂತ ನಾಯಿಗಳ ಸೀರಮ್ ಪರೀಕ್ಷೆ ನಡೆಯುತ್ತದೆ. ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಮಾನದಷ್ಟು ಪ್ರತಿಕಾಯವಿದ್ದರೆ ಲಸಿಕೆ ಫಲಿಸಿದೆಯೆಂದು ಲೆಕ್ಕ. ನಾಯಿಯ ರಕ್ತ ಇಲ್ಲಿ ನಾಯಿಗಾಗಿ ಮಾತ್ರವಲ್ಲ, ಅದು ಕಚ್ಚಬಹುದಾದ ಮಗುವಿಗಾಗಿಯೂ ಪರೀಕ್ಷೆಗೊಳಗಾಗುತ್ತದೆ.

ಹೆಬ್ಬಾಳದ ಹೆಸರು ಬಂದದ್ದರಿಂದ ಮಂಗನ ಕಾಯಿಲೆಯ ಲಸಿಕೆಗೆ ಮರಳಬೇಕು. ಅಲ್ಲಿಯ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ 1925ರಲ್ಲಿ ಮೈಸೂರು ಸೀರಮ್ ಸಂಸ್ಥೆಯಾಗಿ ಹುಟ್ಟಿತು. ದನಗಳ ದೊಡ್ಡರೋಗಕ್ಕೆ, ಎಂದರೆ ರಿಂಡರ್‌ಪೆಸ್ಟಿಗೆ, ರೋಗವನ್ನು ಗೆದ್ದ ಜಾನುವಾರುಗಳ ಸೀರಮ್ಮೇ ಅಂದಿನ ಮದ್ದು. 2011ರಲ್ಲಿ ಆ ರೋಗ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿತವಾಯಿತು. ದನಗಳಿಗಾಗಿ ಹುಟ್ಟಿದ ಈ ಸಂಸ್ಥೆಯೇ ಮುಂದೆ ಮಲೆನಾಡಿನ ಮನುಷ್ಯರಿಗೆ ಲಸಿಕೆ ತಯಾರಿಸಿತು. ಅದಕ್ಕೂ ಮೊದಲು ರಷ್ಯಾದ ಮಿದುಳುಜ್ವರದ ಲಸಿಕೆಯನ್ನೇ ಮಲೆನಾಡಿಗರಿಗೆ ಚುಚ್ಚಿ ನೋಡಲಾಗಿತ್ತು. ಲಸಿಕೆ ಪಡೆದವರ ರಕ್ತದಲ್ಲಿ ಪ್ರತಿಕಾಯ ತಕ್ಕಷ್ಟು ಏಳಲಿಲ್ಲ, ರೋಗವೂ ನಿಲ್ಲಲಿಲ್ಲ. ಆಮೇಲೆ ಕೋಳಿಭ್ರೂಣದ ಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಸಿದ್ಧವಾಗಿ, 1990ರ ದಶಕದಿಂದ ವ್ಯಾಪಕ ಬಳಕೆಗೆ ಬಂತು. 1994ರ ವರದಿಯೊಂದು ಎರಡು ಡೋಸಿಗೆ ಶೇ. 94ರಷ್ಟು ರಕ್ಷಣೆ ಎಂದಿತ್ತು. 2005ರಿಂದ 2010ರವರೆಗಿನ ಮಾಹಿತಿಯ ಮೇಲೆ 2013ರಲ್ಲಿ ಪ್ರಕಟವಾದ ಅಧ್ಯಯನ ಎರಡು ಡೋಸಿಗೆ ಶೇ. 62.4, ಬೂಸ್ಟರ್ ಸೇರಿದರೆ ಶೇ. 82.9 ಎಂದು ಲೆಕ್ಕ ಹಾಕಿತು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೂ ವರ್ಷಕ್ಕೊಮ್ಮೆ ಎಂಬ ಕ್ರಮ, ಕೂಲಿ ಬಿಟ್ಟು ಬರಬೇಕಾದವನಿಗೆ ಸಣ್ಣ ಬೇಡಿಕೆಯಲ್ಲ. ಚುಚ್ಚಿಸಿಕೊಂಡವನಿಗೇ ಜ್ವರ ಬಂದ ಊರಿನಲ್ಲಿ ಮರುವರ್ಷ ಸೂಜಿಗೆ ತೋಳು ಚಾಚುವವರು ಕಡಿಮೆಯಾದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ.

2022ರಲ್ಲಿ ಈ ಲಸಿಕೆಯ ಬಳಕೆ ನಿಂತಿತು. ಅದರ ಸಾಮರ್ಥ್ಯ ನಿಗದಿತ ಮಟ್ಟಕ್ಕೆ ಬಾರದಿದ್ದುದೇ ಕಾರಣ. ರೋಗ ಮಾತ್ರ ಈ ಮಧ್ಯೆ ಸುತ್ತಲೂ ಹಬ್ಬಿತ್ತು. 2012ರಲ್ಲಿ ಬಂಡೀಪುರ, ನಂತರ ವಯನಾಡು, 2015ರಲ್ಲಿ ಗೋವೆ, 2016ರಲ್ಲಿ ಸಿಂಧುದುರ್ಗ, 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು. 2024ರಲ್ಲಿ ಕುಮಟಾ ಹಾಗೂ ಹೊನ್ನಾವರಗಳ ನೆತ್ತಿಯ ಮೇಲಿರುವ ಸಿದ್ದಾಪುರ ತಾಲ್ಲೂಕು ತೀವ್ರವಾಗಿ ಬಾಧೆಗೊಳಗಾಯಿತು. ಲಸಿಕೆಯಿಲ್ಲದ ಆ ಹಂಗಾಮಿನಲ್ಲಿ ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆ ಕೊಟ್ಟದ್ದು ಮೈಗೆ ಹಚ್ಚಿಕೊಳ್ಳುವ ಡೀಪಾ ತೈಲ. ಹೊಸ ಲಸಿಕೆಯ ತಯಾರಿಯನ್ನು ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯೊಂದಿಗೆ ಕೈಗೆತ್ತಿಕೊಂಡಿದೆ. ಯಾವ ಹೊಸ ಲಸಿಕೆಯಾದರೂ ಮನುಷ್ಯರ ಮೇಲಿನ ಮೊದಲ ಪ್ರಯೋಗ ಆರಂಭವಾಗುವುದು ಆರೋಗ್ಯವಂತ ಸ್ವಯಂಸೇವಕರಿಂದ. ಚುಚ್ಚುವ ಮೊದಲು ಒಂದು ನಳಿಕೆ, ಚುಚ್ಚಿದ ಮೇಲೆ ನಿಗದಿತ ದಿನಗಳಲ್ಲಿ ಮತ್ತೆ ಮತ್ತೆ ಒಂದೊಂದು ನಳಿಕೆ. ಆ ನಳಿಕೆಗಳಲ್ಲಿ ಸೀರಮ್ಮಿನ ಜೊತೆಗೆ ಟಿ ಕೋಶಗಳ ಲೆಕ್ಕವೂ ನಡೆಯಬಹುದು. ಅವು ಘಟ್ಟದ ಬುಡದ ಹಳ್ಳಿಗಳಿಗೂ ಬರುವ ದಿನ, ಎಪ್ಪತ್ತು ವರ್ಷಗಳ ಹಿಂದೆ ಪುಣೆಗೆ ಹೋದ ರಕ್ತದ ಲೆಕ್ಕವನ್ನು ಅಲ್ಲಿಯ ಜನ ಕೇಳಿದರೆ ಉತ್ತರಿಸಬೇಕಾದವರು ಲಸಿಕೆ ತರುವವರೇ.